ನೀಲಿ ಬಣ್ಣ ಬಿದ್ದ ನಲವತ್ತು ಮೇಪಲ್ ಮರಗಳು

ಅಮೆರಿಕದ ನಮ್ಮ ವರ್ಮಾಂಟ್ ರಾಜ್ಯದ ಈ ಗುಡ್ಡದಲ್ಲಿ ಮನೆ ಹಿಂದೆ ಸ್ವಂತ ಕಾಡಿಲ್ಲದವರು ಕಡಿಮೆ. ಆ ಕಾಡಿನ ತೆರಿಗೆ ಚೀಟಿ ನೋಡಿ ಮುಖ ಸಣ್ಣಗಾಗದವರೂ ಕಡಿಮೆ. ಗುಡ್ಡದ ತುದಿಯಲ್ಲಿ ಪೇಟೆಯವರು ಬೇಸಿಗೆ ಮನೆ ಕಟ್ಟಿದ ಮೇಲೆ ನಮ್ಮ ಅರವತ್ತು ಎಕರೆಗೂ ಮನೆ ಜಾಗದ ಬೆಲೆಯೇ ಬಂದುಬಿಟ್ಟಿದೆ.

ಕಳೆದ ವರ್ಷ ಅಪ್ಪ, ರೋಸೇರ್ ಗನ್ಯೋ, ತೆರಿಗೆ ಕಟ್ಟಲೆಂದು ಯಾರಿಗೂ ಹೇಳದೆ ನಾಟಾ ವ್ಯಾಪಾರಿಯನ್ನು ಕರೆಸಿದ. ಆತ ನಲವತ್ತು ಮೇಪಲ್ ಮರಗಳಿಗೆ ಕಡಿಯುವ ಗುರುತಾಗಿ ನೀಲಿ ಬಣ್ಣ ಬಳಿದು ಹೋದ. ಅಜ್ಜನ ಕಾಲದಿಂದ ಪ್ರತಿ ಮಾರ್ಚಿನಲ್ಲಿ ನಾವು ಬಕೆಟ್ಟು ತೂಗುಹಾಕಿ ಸಿಹಿ ಪಾಕಕ್ಕೆ ರಸ ಇಳಿಸುವ ಮರಗಳೇ ಅವು. ಸೋಮವಾರ ಕಡಿಯುವುದೆಂದು ಮಾತಾಗಿತ್ತು.

ನನಗೆ ಎದುರು ನಿಂತು ವಾದಿಸಲು ಬರುವುದಿಲ್ಲ. ಜಿಲ್ಲೆಯ ಅರಣ್ಯ ಸಲಹೆಗಾರ್ತಿ ವಿನಿಫ್ರೆಡ್ ಕೋಲ್ಬರ್ನ್ ಅವರಿಗೆ ನಾಲ್ಕು ಸಾಲು ಬರೆದೆ. ಶುಕ್ರವಾರ ಅವರೇ ಬಂದರು.

“ಬೋರ್ಡು ಓದ್ಲಿಲ್ವಾ? ಒಳಗೆ ಬರಬಾರ್ದು ಅಂತ ಹಾಕಿದೀನಿ,” ಎಂದ ಅಪ್ಪ.

“ಓದ್ದೆ. ನಿಮ್ಮ ಮಗಳು ಕರೆದ್ಲು.”

ಅಪ್ಪ ನನ್ನನ್ನು ನೋಡಿದ. ನಾನು ನನ್ನ ಬೂಟು ನೋಡಿಕೊಂಡೆ.

“ಬನ್ನಿ ಬನ್ನಿ,” ಎಂದಳು ಅಮ್ಮ. “ಆ ಬೋರ್ಡನ್ನ ಇವ್ರು ನನ್ನ ತಮ್ಮಂಗೂ ತೋರಿಸ್ತಾರೆ. ಬಿಸಿ ಡೋನಟ್ ಇದೆ, ಕೂತ್ಕೊಳ್ಳಿ.”

ವಿನಿಫ್ರೆಡ್ ನೇರವಾಗಿ ಹೇಳಿದರು: “ಕಾಡನ್ನ ಕಾಡಾಗೇ ನೋಡ್ಕೋತೀವಿ ಅಂತ ಕಾಡು ತೆರಿಗೆ ಯೋಜನೇಲಿ ಸೇರಿಸಿ. ಆಗ ತೆರಿಗೆ ಕಾಡಿನ ಬೆಲೆಗೆ ಬರುತ್ತೆ, ಮನೆ ಜಾಗದ ಬೆಲೆಗಲ್ಲ.”

“ಆಮೇಲೆ ಊರಿನ ಬೇಟೆಗಾರರೆಲ್ಲ ನನ್ನ ಕಾಡಲ್ಲಿ ಮೆರವಣಿಗೆ ಹೊರಡ್ತಾರೆ!”

“ಇಲ್ಲ. ನಿಮ್ಮ ಬೋರ್ಡು ಹಾಗೇ ಇರ್ಲಿ. ಯಾರನ್ನೂ ಒಳಗೆ ಬಿಡ್ಬೇಕು ಅಂತಿಲ್ಲ.”

“ಹಾಗಾದ್ರೆ ಇದ್ರಲ್ಲಿ ತೊಡಕು ಎಲ್ಲಿದೆ? ಅದನ್ನ ಹೇಳಿ.”

“ಇದೆ. ಕಾಡನ್ನ ಹೇಗೆ ನೋಡ್ಕೋತೀರಿ ಅಂತ ತಜ್ಞರ ಕೈಲಿ ಬರೆಸ್ಬೇಕು, ಅದಕ್ಕೆ ಖರ್ಚಿದೆ. ಬರೆದ ಹಾಗೇ ನಡ್ಕೋಬೇಕು. ಮುಂದೆ ಒಡೆದು ಮನೆ ಕಟ್ಟಿಸಿದ್ರೆ ಬೇರೆ ತೆರಿಗೆ ಬೀಳುತ್ತೆ. ಆ ಷರತ್ತು ಜಮೀನಿಗೇ ಅಂಟಿರುತ್ತೆ, ನಾಳೆ ನಿಮ್ಮ ಮಗಳಿಗೂ.”

ಮುಚ್ಚುಮರೆಯಿಲ್ಲದ ಆ ಉತ್ತರ ಕೇಳಿ ಅಪ್ಪ ಎದ್ದು ಬೂಟು ಹಾಕಿಕೊಂಡ. ಎಲ್ಲರೂ ಕಾಡಿಗೆ ಹೋದೆವು. ನೀಲಿ ಬಣ್ಣದ ಮೊದಲ ಮರಕ್ಕೆ ವಿನಿಫ್ರೆಡ್ ಕೈಯಿಟ್ಟರು.

“ನೀವು ಹಸು ಕಟ್ಟಿದ್ದೋರು. ಕಷ್ಟ ಬಂದಾಗ ಯಾವುದನ್ನ ಮಾರ್ತಿದ್ರಿ?”

“ಗೊಡ್ಡನ್ನ. ಇದೇನು ಕೇಳೋ ಮಾತಾ?”

“ಇಲ್ಲಿ ಯಾವುದಕ್ಕೆ ಬಣ್ಣ ಬಿದ್ದಿದೆ ನೋಡಿ.”

ಅಪ್ಪ ನೋಡಿದ. ಬಣ್ಣ ಬಿದ್ದಿದ್ದೆಲ್ಲ ದಪ್ಪ, ನೆಟ್ಟಗಿನ ಮರಗಳು. ಪಕ್ಕದ ಬೀಚ್ ಎಂಬ ಜಾತಿಯ ಸೊಟ್ಟ ಮರಗಳಿಗೂ ಪೊಳ್ಳು ಕಾಂಡಗಳಿಗೂ ಒಂದು ಚುಕ್ಕೆಯೂ ಇಲ್ಲ. ಅವನು ಟೋಪಿ ತೆಗೆದ.

“ನಲವತ್ತು ವರ್ಷ ಕೊಟ್ಟಿಗೇಲಿ ಕಳೆದೆ,” ಎಂದ. “ಇಲ್ಲಿ ಹಾಲು ಕೊಡೋದನ್ನೇ ಅಟ್ತಾ ಇದ್ನಲ್ಲ.”

ಅಮ್ಮ ಅಂದು ಮಾತ್ರ ಏನೂ ಚುಚ್ಚಲಿಲ್ಲ. ಅವನ ತೋಳು ಹಿಡಿದುಕೊಂಡಳು.

ವ್ಯಾಪಾರಿಯ ಜೊತೆ ಕೈಕುಲುಕಿದ್ದಷ್ಟೆ, ಸಹಿ ಆಗಿರಲಿಲ್ಲ. ಅಪ್ಪ ಅಲ್ಲಿಂದಲೇ ಫೋನ್ ಮಾಡಿದ: “ಸೋಮವಾರ ಬರಬೇಡ ಮಾರಾಯ. ತಪ್ಪು ನನ್ನದೇ.” ಗಡುವಿನೊಳಗೆ ಕಾಡು ತೆರಿಗೆ ಯೋಜನೆಗೆ ಅರ್ಜಿ ಹೋಯಿತು. ಆ ಚಳಿಗಾಲ ಸೊಟ್ಟ ಮರಗಳು ನಮ್ಮ ಒಲೆಗೆ ಬಂದವು. ನೀಲಿ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮಾರ್ಚಿನಲ್ಲಿ ಅಪ್ಪ ಅದರ ಮೇಲೆಯೇ ಬಕೆಟ್ಟು ತೂಗುಹಾಕಿದ.

ನಿಮ್ಮ ಕಾಡಿನ ಮರಕ್ಕೂ ಯಾರಾದರೂ ಬಣ್ಣ ಬಳಿಯುವ ಮುಂಚೆ ಜಿಲ್ಲೆಯ ಅರಣ್ಯ ಸಲಹೆಗಾರರನ್ನು ಕರೆದು ಒಮ್ಮೆ ಸುತ್ತಾಡಿಸಿ. ಲಾಭದ ಜೊತೆ ಷರತ್ತನ್ನೂ ಕೇಳಿ, ಮನೆಯವರೆಲ್ಲ ಕೂತು ತೀರ್ಮಾನಿಸಿ. ಎದುರು ಕೂತು ಕೇಳಲು ಸಂಕೋಚವೇ? ನಾಲ್ಕು ಸಾಲು ಬರೆದು ಕಳಿಸಿ, ಸಾಕು. ಅವರು ಬರುತ್ತಾರೆ.