ಕಲ್ಲುಗಣಿ ತಿರುವಿನ ಕರೆ

ಅಕ್ಕ ಫೋನ್ ಮಾಡುತ್ತಿದ್ದುದು ದಿನಾ ಮಧ್ಯಾಹ್ನ, ಬ್ರೆಡ್ಡಿನ ಟ್ರೇಗಳೆಲ್ಲ ಅಂಗಡಿಗಳಿಗೆ ಖಾಲಿಯಾಗಿ, ವ್ಯಾನು ಓಡಿಸಿಕೊಂಡು ವಾಪಸ್ಸು ಹೊರಟ ಮೇಲೆ. ಫೋನು ಸ್ಟಿಯರಿಂಗಿನ ಪಕ್ಕದ ಸ್ಟ್ಯಾಂಡಿನಲ್ಲಿ ಕೂತಿರುತ್ತಿತ್ತು, ಹಿಂದೆ ಟ್ರೇಗಳು ಗಡಗಡ ಎನ್ನುತ್ತಿದ್ದವು. ತಂಗಿ ತನ್ನ ಆಫೀಸಿನ ಕಾರಿಡಾರಿನಲ್ಲಿ, ನೀರಿನ ಮೆಷೀನಿನ ಪಕ್ಕ ನಿಂತು ಮಾತಾಡುತ್ತಿದ್ದಳು. ಮೊದಲು ಮಕ್ಕಳ ವಿಷಯ, ಆಮೇಲೆ ಭಾವನ ಮೊಣಕಾಲಿನ ವಿಷಯ, ಅದಾದ ಮೇಲೆ ತಂಗಿ ಮೆಲ್ಲಗೆ ಕೇಳುತ್ತಿದ್ದಳು.

“ಅದೆಲ್ಲ ಇರ್ಲಿ. ರಿಪೋರ್ಟ್ ಬಂತಾ?”

“ಹಾಂ, ಅದಾ... ಹಲೋ? ಹಲೋ? ತಿರುವು ಬಂತು ಕಣೆ, ಏನೂ ಕೇಳಿಸ್ತಿಲ್ಲ...”

ಅಲ್ಲಿಗೆ ಕರೆ ಕಟ್. ಸ್ವಲ್ಪ ಹೊತ್ತಿನ ಮೇಲೆ ಒಂದೇ ಪದದ ಮೆಸೇಜು: “ತಿರುವು.” ಅಕ್ಕ ಬರೆಯುವುದರಲ್ಲಿ ಬಲು ಜಿಪುಣಿ.

ಅಕ್ಕನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಡಾಕ್ಟರು ಸೂಜಿ ಹಾಕಿ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇಷ್ಟನ್ನು ಹೇಳುವುದಕ್ಕೇ ಅಕ್ಕ ಒಂದು ತಿಂಗಳು ತೆಗೆದುಕೊಂಡಿದ್ದಳು. ರಾತ್ರಿ ಫೋನ್ ಮಾಡಿದರೆ “ಮಕ್ಕಳ ಎದುರಿಗೆ ಆ ಮಾತು ಎತ್ಬೇಡ” ಎನ್ನುತ್ತಿದ್ದಳು. ಹಾಗಾಗಿ ಆ ಮಾತಿಗೆ ಉಳಿದದ್ದು ವ್ಯಾನೊಂದೇ, ವ್ಯಾನಿಗೆ ಅಡ್ಡ ಬರುತ್ತಿದ್ದುದು ಕಲ್ಲುಗಣಿ ತಿರುವು. ಅಮ್ಮ ಹೋದಾಗ ತಂಗಿಗಿನ್ನೂ ತಲೆ ಬಾಚಿಕೊಳ್ಳಲು ಬರುತ್ತಿರಲಿಲ್ಲ. ಬಾಚಿದವಳು ಅಕ್ಕ. ಅಂಥವಳಿಗೆ ಏನಾಗಿದೆ ಎಂದು ತಿಳಿಯದೆ ತಂಗಿ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಎದ್ದು ನೀರು ಕುಡಿಯುವುದು, ಕುಡಿದು ಬಂದು ಕೂರುವುದು, ಕೂತ ಮೇಲೆ ನೀರು ಕುಡಿದೆನೋ ಇಲ್ಲವೋ ಎಂದು ಮತ್ತೆ ಏಳುವುದು.

ಇದರ ಮೇಲೆ ಒಂದು ನಾಚಿಕೆ ಬೇರೆ. ಆ ತಿರುವಿನ ಗುಡ್ಡದ ಮೇಲಿರುವ ಟವರು ಅವಳ ಕೈಕೆಳಗೇ ಇತ್ತು. ದೀಪದ ಬುಡದಲ್ಲೇ ಕತ್ತಲು ಅಂದರೆ ಇದೇ. ಮೊಬೈಲ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಅವಳ ಕೆಲಸ. ಎದುರಿಗೆ ಎರಡು ಪರದೆ. ಎಡಗಡೆ ಟವರುಗಳೆಲ್ಲ ಒಂದು ಮರದ ಕೊಂಬೆ ರೆಂಬೆಗಳ ಹಾಗೆ ಹರಡಿಕೊಂಡಿರುತ್ತವೆ. ಒಂದರ ಹೆಸರನ್ನು ಒತ್ತಿದರೆ ಅದರ ಒಳಗಿನದೆಲ್ಲ ಬಲಗಡೆಯ ಪರದೆಗೆ: ಎಷ್ಟು ಶಕ್ತಿ, ಯಾವ ದಿಕ್ಕು, ನೆರೆಹೊರೆಯವರು ಯಾರು. ನೆರೆಹೊರೆ ಮುಖ್ಯ. ಓಡುವ ವ್ಯಾನಿನಲ್ಲಿರುವ ಕರೆಯನ್ನು ಒಂದು ಟವರು ತನ್ನ ನೆರೆಯ ಟವರಿನ ಕೈಗೆ ದಾಟಿಸಬೇಕು. ಪಟ್ಟಿಯಲ್ಲಿ ಇಲ್ಲದ ನೆರೆಯವನಿಗೆ ಅದು ದಾಟಿಸುವುದಿಲ್ಲ. ಟವರುಗಳಿಗೂ ಒಂದು ಬಿಗುಮಾನ.

ಆ ರೂಮಿನ ಯಜಮಾನನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಗೋಡೆ ಎತ್ತುವವನ ಹಾಗೆ ಪ್ರತಿ ಕೆಲಸಕ್ಕೂ “ಮಟ್ಟ ನೋಡಿದ್ರಾ?” ಎಂದು ಕೇಳುವುದು ಅವನ ಚಾಳಿ. ಅಂದರೆ, ಕೈ ಹಾಕುವ ಮೊದಲು ಆ ಟವರಿನಲ್ಲಿ ಎಷ್ಟು ಕರೆ ತಾನಾಗಿ ಬಿದ್ದುಹೋಗುತ್ತಿವೆ, ಅದರ ಲೆಕ್ಕ ನೋಡಿದ್ರಾ ಅಂತ. ಆ ರೂಮಿಗೆ ಇನ್ನೊಂದು ಚಾಳಿಯೂ ಇತ್ತು, ಮೇಸ್ತ್ರಿಗೆ ಗೊತ್ತಿಲ್ಲದ್ದು. ಟವರುಗಳನ್ನು ಬದಲಿಸುವ ಸಾಫ್ಟ್‌ವೇರ್ ಸುಮ್ಮಸುಮ್ಮನೆ ಹೆದರುತ್ತದೆ. ಏನು ಬದಲಿಸಿದರೂ ಹಳದಿ ಚೌಕ ತೋರಿಸಿ “ಮುಂದುವರಿಯಲೇ?” ಎನ್ನುತ್ತದೆ. ಕೆಂಪಾದರೆ ಮಾತ್ರ ನಿಲ್ಲಬೇಕು, ಹಳದಿಗೆ ಹೂಂ ಅಂದುಬಿಡಬೇಕು ಎಂದು ಹಳಬರು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದರು.

ಅವತ್ತೂ ಕರೆ ಕಟ್ಟಾಯಿತು. ತಂಗಿ ಸೀದಾ ಬಂದು ಕುರ್ಚಿಯಲ್ಲಿ ಕೂತಳು. ಮಟ್ಟ ನೋಡಲಿಲ್ಲ, ಅನುಮತಿ ಕೇಳಲಿಲ್ಲ. ನೋಡುವುದೇನು, ದಿನಾ ಕಿವಿಯಾರೆ ಕೇಳುತ್ತಿಲ್ಲವೇ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು ಅವಳ ಬುದ್ಧಿ. ಗುಡ್ಡದ ಆಚೆ ಹೊಸದಾಗಿ ನಿಂತಿದ್ದ ಟವರನ್ನು ಕಲ್ಲುಗಣಿ ಟವರಿನ ನೆರೆಯವರ ಪಟ್ಟಿಗೆ ಸೇರಿಸಿದಳು. ಹಳದಿ ಚೌಕ ಬಂತು. ಹೂಂ ಅಂದಳು. ಮರದ ಕೊಂಬೆಯಲ್ಲಿ ಒಂದು ಹಸಿರು ಚುಕ್ಕೆ ಮಿನುಗಿತು. ನಾಳೆ ಹೇಗೆ ಕಟ್ಟಾಗುತ್ತೆ ನೋಡೋಣ ಎಂದುಕೊಂಡಳು.

ಮಾರನೆಯ ದಿನ ಊಟ ಮುಗಿಸಿ ಬಂದು ಕೂರುವಷ್ಟರಲ್ಲಿ ಮೇಸ್ತ್ರಿ ರೂಮಿನ ನಡುವೆ ನಿಂತಿದ್ದ.

“ಕಲ್ಲುಗಣಿ ಟವರಿಗೆ ಯಾರು ಕೈ ಹಾಕಿದ್ದು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಂಗಿಯ ಕೈ ತಾನಾಗಿ ಮೌಸಿನ ಮೇಲಿಂದ ಎದ್ದಿತು. ಮೇಸ್ತ್ರಿ ಅದನ್ನು ನೋಡಿದ. ಬೈಯಲಿಲ್ಲ, ಅವಳ ಪರದೆಯ ಮೇಲೆ ಒಂದು ಗೆರೆಯ ಚಿತ್ರ ತೆರೆದ.

“ನೋಡಿ. ತಿಂಗಳುಗಟ್ಟಲೆ ಈ ತಿರುವಿನಲ್ಲಿ ಒಂದು ಕರೆನೂ ತಾನಾಗಿ ಬಿದ್ದಿಲ್ಲ. ಒಂದೂ ಇಲ್ಲ. ಇದರಷ್ಟು ಸಾಧು ಟವರು ನಮ್ಮಲ್ಲಿ ಇನ್ನೊಂದಿಲ್ಲ. ನಿನ್ನೆ ಮಧ್ಯಾಹ್ನದಿಂದ ನೋಡಿ.”

ಗೆರೆ ನೆಲದ ಮೇಲೆ ಮಲಗಿಕೊಂಡೇ ಬಂದು, ನಿನ್ನೆ ಮಧ್ಯಾಹ್ನಕ್ಕೆ ಸಟ್ಟನೆ ಎದ್ದು ನಿಂತಿತ್ತು.

ತಪ್ಪು ಏನೆಂದು ಅವಳಿಗೆ ತಕ್ಷಣ ಹೊಳೆಯಿತು. ಟವರುಗಳಿಗೆ ಕೊಡುವ ಗುರುತಿನ ನಂಬರು ಕಡಿಮೆ ಇರುವುದರಿಂದ ಅವನ್ನೇ ತಿರುಗಿಸಿ ತಿರುಗಿಸಿ ಬಳಸುತ್ತಾರೆ. ಸೀಟ್ ನಂಬರು ಒಂದೇ, ಬಸ್ಸು ಬೇರೆ. ಅವಳು ಸೇರಿಸಿದ ಹೊಸ ಟವರಿಗೂ ಪಟ್ಟಿಯಲ್ಲಿ ಮೊದಲೇ ಇದ್ದ ಕೆಳಗಿನ ರಸ್ತೆಯ ಹಳೆಯ ಟವರಿಗೂ ಒಂದೇ ನಂಬರು. ಈಗ ಕರೆಗಳು ಹಳೆಯ ಸ್ನೇಹಿತನ ಬದಲು ಗುಡ್ಡದ ಆಚೆಯ ಅಪರಿಚಿತನ ಕೈಗೆ ದಾಟಲು ಹೋಗಿ, ನಡುವೆ ಬೀಳುತ್ತಿದ್ದವು. ಹಳದಿ ಚೌಕ ಹೇಳಿದ್ದು ಅದನ್ನೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು.

ಆದರೆ ಅವಳು ನೋಡುತ್ತಿದ್ದುದು ಎದ್ದು ನಿಂತ ಗೆರೆಯನ್ನಲ್ಲ, ಮಲಗಿದ ಗೆರೆಯನ್ನು. ತಿಂಗಳುಗಟ್ಟಲೆ ಒಂದು ಕರೆಯೂ ಬಿದ್ದಿಲ್ಲ. ಹಾಗಾದರೆ “ಹಲೋ, ಹಲೋ, ಕೇಳಿಸ್ತಿಲ್ಲ” ಎಂದದ್ದು? ಕೆಂಪು ಗುಂಡಿ ಒತ್ತಿದ್ದು ಅಕ್ಕನ ಬೆರಳು. ರಿಪೋರ್ಟು ಬಂದು ಎಷ್ಟು ದಿನವಾಗಿದೆಯೋ. ಒಳ್ಳೆಯ ಸುದ್ದಿಯಾಗಿದ್ದರೆ ಅಕ್ಕ ಅದನ್ನು ತಿರುವಿಗಿಂತ ಮೊದಲೇ ಹೇಳಿ ಮುಗಿಸುತ್ತಿದ್ದಳು.

“ವಾಪಸ್ ತೆಗೀತೀನಿ ಸರ್, ಈಗಲೇ.”

“ತೆಗೆಯೋದೂ ಒಂದು ಬದಲಾವಣೆನೇ. ಅನುಮತಿಗೆ ಅರ್ಜಿ ಹಾಕಿ. ಇನ್ನೊಂದು ಸಲ ಕದ್ದು ಮಾಡೋದು ಬೇಡ,” ಎಂದು ಮೇಸ್ತ್ರಿ ತನ್ನ ಕುರ್ಚಿಯ ಕಡೆ ತಿರುಗಿದ.

ಅಷ್ಟರಲ್ಲಿ ಅವಳ ಫೋನು ನಡುಗಿತು. ಅಕ್ಕ. ಕಾರಿಡಾರಿಗೆ ಹೋಗುವಷ್ಟು ತಾಳ್ಮೆ ಇರಲಿಲ್ಲ, ಅಲ್ಲೇ ಎತ್ತಿದಳು.

“ಕೇಳೆ,” ಎಂದಳು ಅಕ್ಕ. ಮಕ್ಕಳ ವಿಷಯವಿಲ್ಲ, ಮೊಣಕಾಲಿನ ವಿಷಯವಿಲ್ಲ. ಟ್ರೇಗಳ ಸದ್ದು ಮಾತ್ರ. “ಇವತ್ತು ಹೇಳ್ಬಿಡ್ಬೇಕು ಅಂತ ಬೆಳಗ್ಗೆಯಿಂದ ಗಟ್ಟಿ ಮನಸ್ಸು ಮಾಡ್ಕೊಂಡಿದೀನಿ. ನಡುವೆ ಬಾಯಿ ಹಾಕ್ಬೇಡ. ಡಾಕ್ಟ್ರು ಏನಂದ್ರು ಅಂದ್ರೆ...”

“ಅಕ್ಕ, ನಿಲ್ಲು, ಎಲ್ಲಿದೀಯ? ವ್ಯಾನ್ ನಿಲ್ಸು...”

ಸದ್ದಡಗಿತು. ಹಲೋ ಇಲ್ಲ, ಕೇಳಿಸ್ತಿಲ್ಲ ಎಂಬ ನಾಟಕವಿಲ್ಲ. ಪರದೆಯ ಮೇಲೆ ಬಿದ್ದ ಕರೆಗಳ ಲೆಕ್ಕ ಒಂದು ಮೇಲಕ್ಕೇರಿತು.

ತಂಗಿ ಅನುಮತಿಯ ಅರ್ಜಿ ಬರೆದಳು. ಕಾರಣದ ಜಾಗದಲ್ಲಿ “ನನ್ನ ತಪ್ಪು” ಎಂದಷ್ಟೇ ಹಾಕಿದಳು. ಮೇಸ್ತ್ರಿ ಅವಳ ಮುಖವನ್ನೊಮ್ಮೆ ನೋಡಿ, ಎಂದೂ ಇಲ್ಲದ ಹಾಗೆ ಪೂರ್ತಿ ಓದದೆ ಒಪ್ಪಿಗೆ ಕೊಟ್ಟ. ಅವಳು ಹೊಸ ನೆರೆಯವನನ್ನು ಪಟ್ಟಿಯಿಂದ ತೆಗೆದಳು. ಹಳದಿ ಚೌಕ ಬಂತು. ಈ ಸಲ ಅಕ್ಷರ ಅಕ್ಷರ ಓದಿ ಹೂಂ ಅಂದಳು. ಆಮೇಲೆ ಅಕ್ಕನ ನಂಬರು ಒತ್ತಿದಳು. ಊರೊಳಗೆ ಹೋದ ಮೇಲೆ ಅಕ್ಕ ಆ ಮಾತು ಎತ್ತುವವಳಲ್ಲ. ಗಟ್ಟಿ ಮಾಡಿಕೊಂಡ ಮನಸ್ಸು ನಾಳೆಯವರೆಗೆ ಇರುವುದೂ ಇಲ್ಲ.

ಅಕ್ಕ ಎತ್ತಿದಳು. ಟ್ರೇಗಳ ಸದ್ದಿರಲಿಲ್ಲ. ತಿರುವಿನಲ್ಲೇ ವ್ಯಾನು ನಿಲ್ಲಿಸಿ, ಇವಳ ಕರೆಗೆ ಕಾದು ಕೂತಿದ್ದಳು.

“ಈ ಸಲ ನಾನು ಕಟ್ ಮಾಡಿದ್ದಲ್ಲ ಕಣೆ,” ಎಂದಳು ಅಕ್ಕ. “ಆಣೆಗೂ ನಾನಲ್ಲ.”

“ಗೊತ್ತಕ್ಕ. ಈ ಸಲ ನಾನು.”

ಅಕ್ಕನಿಗೆ ಅದು ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಗಂಟು ಕೆಟ್ಟದ್ದಂತೆ. ಆಪರೇಷನ್ ಆಗಬೇಕಂತೆ, ತಡ ಮಾಡುವ ಹಾಗಿಲ್ಲವಂತೆ. ಭಾವನಿಗೂ ಹೇಳಿಲ್ಲವಂತೆ.

“ನಂಗೆ ಹೆದರಿಕೆ ಆಗ್ತಿದೆ,” ಎಂದಳು ಅಕ್ಕ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ತಂಗಿ ಆ ಮಾತನ್ನು ಕೇಳಿರಲಿಲ್ಲ.

“ಲೈನಲ್ಲೇ ಇರು. ಬರ್ತಾ ಇದೀನಿ.”

“ಅಲ್ಲಿಂದ ಬರೋಕೆ ಅರ್ಧ ದಿನ ಬೇಕಲ್ಲೆ.”

“ಅರ್ಧ ದಿನಾನೂ ಲೈನಲ್ಲೇ ಇರು. ಕೆಂಪು ಗುಂಡಿ ಮುಟ್ಟಿದ್ರೆ ನೋಡು.”

ಅಕ್ಕ ಅಳುತ್ತಲೇ ನಕ್ಕಳು. ಮೇಸ್ತ್ರಿ “ಹೋಗಿ” ಎಂಬಂತೆ ಕೈ ಮಾಡಿದ. ತಂಗಿ ಬ್ಯಾಗು ಹೆಗಲಿಗೇರಿಸಿ ಲಿಫ್ಟಿನವರೆಗೂ ಓಡಿದಳು. ಬಾಗಿಲು ತೆರೆದುಕೊಂಡೇ ಇತ್ತು, ಆದರೆ ಲಿಫ್ಟಿನೊಳಗೆ ಸಿಗ್ನಲ್ ಸಿಗುವುದಿಲ್ಲ. ಅವಳು ಫೋನು ಕಿವಿಗೆ ಒತ್ತಿಕೊಂಡು ಮೆಟ್ಟಿಲು ಇಳಿಯತೊಡಗಿದಳು.