ಲಾಡ್ಲೇಸಾಬರ ಒಂದೇ ಸುಳ್ಳು

ಸತ್ತ ತಮ್ಮನ ಮುಖ ಕಾಣುವಷ್ಟು ಕಫನಿನ ಬಟ್ಟೆ ಸರಿಸಿ, ಹುಸೇನಬಿ ಅವನ ಮಗಳತ್ತ ತಿರುಗಿದಳು.

"ಹೇಳವ್ವ ಗುಲ್ಶನ್. ಮಾಫ್ ಮಾಡೀನಿ ಅನ್ನು. ಎತ್ತೋ ಹೊತ್ತಾತು."

ತುರ್ಭೆಯ ಆ ಇಕ್ಕಟ್ಟಿನ ಖೋಲಿಯಲ್ಲಿ ನಿಂತ ಹೆಂಗಸರೆಲ್ಲ ಗುಲ್ಶನ್ ಮುಖ ನೋಡಿದರು. ಸತ್ತವರ ತಪ್ಪನ್ನು ಮನೆಯವರು, ನೆರೆಯವರು ಮಾಫ್ ಮಾಡಿಯೇ ಜನಾಜಾ ಕಳಿಸಬೇಕು. ಉಳಿದವರೆಲ್ಲ ಹೇಳಿಯಾಗಿತ್ತು. ಒಬ್ಬಳೇ ಮಗಳಿಗೆ ಮಾತ್ರ ಬಾಯಿ ಬರಲಿಲ್ಲ. ಸುಮ್ಮನೆ ಒಂದು ಮಾತು ಅಂದುಬಿಡಬಹುದಿತ್ತು. ಏನು ಮಾಡುವುದು, ಲಾಡ್ಲೇಸಾಬರ ಮಗಳು. ಮನಸ್ಸಿನಲ್ಲಿ ಇಲ್ಲದ್ದನ್ನು ಇದೆ ಎನ್ನಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹೊರಗೆ ಓಣಿಯಲ್ಲಿ ವಾಶಿ ಮಾರ್ಕೆಟ್ಟಿನ ಹಮಾಲರು, ದಲಾಲರು, ಮಸೀದಿ ಕಮಿಟಿಯವರು ಸೇರಿದ್ದರು. ಮೌಲಾನಾ ಹೇಳುತ್ತಿದ್ದುದು ಒಳಗೂ ಕೇಳಿಸುತ್ತಿತ್ತು. ಬಡವರಿಗೆಂದು ಹಣ ಕೂಡಿಸುವ ಬೈತುಲ್‌ಮಾಲ್ ನೋಡಿಕೊಳ್ಳಿ ಎಂದು ಕೇಳಿದ್ದಕ್ಕೆ ಲಾಡ್ಲೇಸಾಬರು ಕೈಮುಗಿದು, ನಾನು ಗೊತ್ತಿದ್ದೂ ಒಮ್ಮೆ ಸುಳ್ಳು ಹೇಳಿದ್ದೇನೆ, ಆ ಜಾಗಕ್ಕೆ ಲಾಯಕ್ಕಿಲ್ಲ ಎಂದರಂತೆ. ಇವರು ಸುಳ್ಳು ಹೇಳುವುದೆಂದರೇನೆಂದು ಕಮಿಟಿಯವರು ನಕ್ಕುಬಿಟ್ಟಿದ್ದರಂತೆ.

* * *

ಇಂಡಿಯಿಂದ ಬರುವ ನಿಂಬೆಹಣ್ಣಿನ ವ್ಯಾಪಾರ ಲಾಡ್ಲೇಸಾಬರದು. ಎಲ್ಲರೂ ಚೀಲದ ಬಾಯಿಗೆ ಹೊಳೆಯುವ ಹಣ್ಣು ಇಟ್ಟರೆ ಈ ಪುಣ್ಯಾತ್ಮ ಒಣಗಿದ್ದು, ಚುಕ್ಕೆ ಬಿದ್ದದ್ದನ್ನೇ ಮೇಲಿಡುತ್ತಿದ್ದರು. ಐಬು ಮುಚ್ಚಿ ಮಾರಿದ ಮಾಲಿನಲ್ಲಿ ಬರಕತ್ತಿಲ್ಲ ಎನ್ನುತ್ತಿದ್ದರು. ಹೊಸ ಗಿರಾಕಿ ಮೂಗು ಮುರಿಯುತ್ತಿದ್ದ. ಒಮ್ಮೆ ಕೊಂಡವನು ಬೇರೆಯವರ ಮಳಿಗೆಗೆ ಹೋಗುತ್ತಿರಲಿಲ್ಲ.

ಕಲ್ಯಾಣದಿಂದ ಗುಲ್ಶನ್‌ಳನ್ನು ನೋಡಲು ಬಂದವರಿಗೂ ಅದೇ ನ್ಯಾಯವಾಯಿತು. ಎಲ್ಲ ಒಪ್ಪಿಗೆಯಾಗಿ ಬಾಯಿಗೆ ಸಕ್ಕರೆ ಹಾಕುವ ಹೊತ್ತಿಗೆ ಲಾಡ್ಲೇಸಾಬರು ಕೈಯೆತ್ತಿ ತಡೆದರು.

"ಒಂದು ಮಾತು ಹೇಳ್ತೀನ್ರಿ. ಹುಡುಗೀಗಿ ಫಿಟ್ಸ್ ಬರ್ತದ. ಗುಳಿಗಿ ನಡದಾವ."

ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಹುಡುಗ ಅವಳಿಗೆ ಹಿಡಿಸಿದ್ದ. ಆ ಸಂಜೆ ಅವಳು ಕೇಳಿದ್ದಿಷ್ಟೇ: "ನಾ ಏನ್ ನಿಂಬಿಹಣ್ಣಿನ ಚೀಲೇನ, ಅಬ್ಬಾ?"

ಅಂದಿನಿಂದ ಅವಳು ರೊಟ್ಟಿ ಬಡಿದು ಬಡಿಸಿದಳು, ಅಬ್ಬಾ ಹಾಸಿಗೆ ಹಿಡಿದಾಗ ಕೈಹಿಡಿದು ಕೂರಿಸಿ ಗಂಜಿ ಕುಡಿಸಿದಳು. ಮನಸ್ಸು ಬಿಚ್ಚಿ ಮಾತ್ರ ಮಾತಾಡಲಿಲ್ಲ.

* * *

ಪಕ್ಕದ ಖೋಲಿಯ ಸಾಬವ್ವ ಗುಲ್ಶನ್‌ಳ ಬೆನ್ನ ಮೇಲೆ ಕೈಯಿಟ್ಟಳು. ಕಲಬುರಗಿ ಕಡೆಯವಳು, ಕಟ್ಟಡದ ಕೆಲಸ ಬಿಟ್ಟು ಬೆಳಿಗ್ಗೆಯಿಂದ ಇಲ್ಲೇ ಇದ್ದಳು.

"ಮಾಫ್ ಮಾಡಿಬಿಡು ಮಗಳ. ಒಂದು ಫ್ರಿಜ್ಜಿನ ಸಲುವಾಗಿ ನಿನ್ನ ಸಂಬಂಧ ಕಳದರು, ಖರೆ. ಜೀನತನ ಮಾಡಿದ್ರು, ರೊಕ್ಕ ಬಿಚ್ಚಲಿಲ್ಲ. ಆದ್ರ ಅದೊಂದ ತಪ್ಪು."

"ಯಾವ ಫ್ರಿಜ್ಜು?"

"ಕಲ್ಯಾಣದವರು ವರದಕ್ಷಿಣಿ ಅಂತ ಕೇಳಿದ್ದು. ನಾ ಕೊಡಂಗಿಲ್ಲಂದೆ, ಅವರು ಎದ್ದು ಹೋದ್ರು ಅಂತ ನಿಮ್ಮ ಅಬ್ಬಾನೇ ನಳದ ಮುಂದ ನಿಂತು ಹೇಳಿದ್ರಲ್ಲ. ಓಣಿಗೆಲ್ಲ ಗೊತ್ತದ."

ಹೆಂಗಸರು ಹೌದೆಂದು ತಲೆಯಾಡಿಸಿದರು. ಫ್ರಿಜ್ ಯಾರೂ ಕೇಳಿರಲಿಲ್ಲ. ಇಷ್ಟು ವರ್ಷ ಈ ಓಣಿಯವರು ತನ್ನನ್ನು ರೋಗಿಯೆಂದು ದೂರವಿಡದೆ, ಮದುವೆಯ ಅಡುಗೆಗೆ, ಎಳೆಗೂಸು ಎತ್ತಿಕೊಳ್ಳುವುದಕ್ಕೆ ಕರೆಯುತ್ತಿದ್ದುದು ಹೇಗೆಂದು ಗುಲ್ಶನ್‌ಗೆ ಈಗ ತಿಳಿಯಿತು. ಹೊರಗೆ ಮೌಲಾನಾ ನೆನೆದ, ಅಬ್ಬಾನ ಆ ಒಂದು ಸುಳ್ಳು ಇದೇ. ಅವಳ ಐಬು ಮುಚ್ಚಲು ಅಬ್ಬಾ ಜೀನನೆಂಬ ಹೆಸರು ಹೊತ್ತು, ಬೈತುಲ್‌ಮಾಲಿನ ಜಾಗವನ್ನೂ ಬಿಟ್ಟಿದ್ದರು.

ಈಗ ಮಾಫ್ ಎಂದು ಮುಗಿಸಿದ್ದರೆ ಓಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವಳು ದುಪಟ್ಟಾ ಸರಿಮಾಡಿಕೊಂಡು, ಹೊರಗಿನವರಿಗೂ ಕೇಳುವಂತೆ ಹೇಳಿದಳು:

"ಫ್ರಿಜ್ಜು ಯಾರೂ ಕೇಳಿಲ್ಲ. ನನಗ ಫಿಟ್ಸ್ ಬರ್ತದ. ಅದನ್ನ ಮುಚ್ಚಾಕ ಅಬ್ಬಾ ನಿಮ್ಮ ಮುಂದ ಜೀನ ಅನಿಸಿಕೊಂಡ್ರು. ಅವರು ಜೀನ ಅಲ್ಲ."

ಗುಲ್ಶನ್ ಬಗ್ಗಿ ಅಪ್ಪನ ಕಿವಿಯ ಹತ್ತಿರ, ಮಾಫ್ ಮಾಡೀನಿ ಅಬ್ಬಾ ಎಂದಳು. ಅಷ್ಟು ಹೇಳುವುದರೊಳಗೆ ಅಳು ಒತ್ತರಿಸಿ ಬಂತು.

ಸಾಬವ್ವ ಜನಾಜಾದ ಕಾಲಿನ ಬಳಿ ಕುಸಿದು ಕುಳಿತು ಸೆರಗೊಡ್ಡಿದಳು.

"ಸಾಬ್ರ, ನಾ ಭಾಳ ಆಡಿಕೊಂಡೀನಿ. ನೀವ ನನ್ನ ಮಾಫ್ ಮಾಡ್ರಿ."

ಅವಳು ಏಳುತ್ತಲೇ ಇನ್ನೊಬ್ಬಳು ಬಂದು ಕುಳಿತಳು, ಅವಳ ಹಿಂದೆ ಮತ್ತೊಬ್ಬಳು. ಎತ್ತಲು ಬಂದ ಗಂಡಸರು ತಮ್ಮ ಸರದಿಗೆಂದು ಹೊಸ್ತಿಲಲ್ಲಿ ಕಾದು ನಿಂತರು.