ಮೌಲಾಸಾಬರ ರೆಪ್ಪೆಗೂದಲು

ನಾನು ಒಂದು ಸೂಕ್ಷ್ಮದರ್ಶಕ. ಹಾಗೆಂದು ಯಾರಾದರೂ ಕೂಗಿದರೆ ನನ್ನನ್ನೇ ಕರೆದದ್ದೆಂದು ನನಗೆ ಹೊಳೆಯುವುದಿಲ್ಲ. ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲೂ ನಾನು ಮೈಕ್ರೋಸ್ಕೋಪು. ಕರಿ ಮೈ, ಹಿತ್ತಾಳೆ ಕುತ್ತಿಗೆ, ಒಂದೇ ಕಣ್ಣು. ನನ್ನನ್ನು ನೋಡಲು ಬರುವವರೆಲ್ಲ ತಮ್ಮದೂ ಒಂದು ಕಣ್ಣು ಮುಚ್ಚಿಕೊಂಡೇ ಬರುತ್ತಾರೆ. ತೆರೆದಿರುವ ಇನ್ನೊಂದನ್ನು ನನ್ನಷ್ಟು ಹತ್ತಿರದಿಂದ ಅವರ ಹೆತ್ತ ತಾಯಿಯೂ ನೋಡಿರಲಾರಳು. ಆ ಕಣ್ಣು ನೋಡಿದರೆ ಸಾಕು, ಹುಡುಗ ಓದಿಕೊಂಡು ಬಂದಿದ್ದಾನೋ ದೇವರ ಮೇಲೆ ಭಾರ ಹಾಕಿ ಬಂದಿದ್ದಾನೋ ಹೇಳಿಬಿಡುತ್ತೇನೆ.

ಹುಟ್ಟಿದ್ದು ದೂರದ ಉತ್ತರ ಭಾರತದ ಅಂಬಾಲಾದ ಒಂದು ಓಣಿಯಲ್ಲಿ. ಬೀಡಿ ಸೇದುವ ಒಬ್ಬ ಮುದುಕ ಮೂರು ದಿನ ಕೂತು ನನ್ನ ಗಾಜು ಉಜ್ಜಿದ. ಕರ್ನಾಟಕ ಒಂದಾದ ಮರುವರ್ಷ ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ರೈಲು ಹತ್ತಿ, ಎರಡು ಕಡೆ ಗಾಡಿ ಬದಲಿಸಿ, ಬಯಲುಸೀಮೆಯ ಒಂದು ಊರಿಗೆ ಬಂದಿಳಿದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯಿಂದ ವಿವರಣೆ ಕೇಳಿ ನನಗೂ ಒಂದು ನೋಟಿಸು ಬಂದೀತು.

ಮೆಡಿಕಲ್ ಕಾಲೇಜು ಎಂದರೆ ಆಗ ಒಂದು ಹಳೆಯ ಹತ್ತಿ ಗೋದಾಮು. ಐವತ್ತು ಹುಡುಗರು, ಮೂವರು ಹುಡುಗಿಯರು. ಕಿಟಕಿಯ ಬೆಳಕನ್ನು ನನ್ನ ಕನ್ನಡಿ ಹಿಡಿಯಬೇಕಾಗಿತ್ತು, ಮೋಡ ಬಂದರೆ ಪಾಠವೇ ನಿಲ್ಲುತ್ತಿತ್ತು. ನನ್ನ ಮೊದಲ ಯಜಮಾನರು ಅನಾಟಮಿಯ ಡಾ. ಗಲಗಲಿ. ಮಾತಿಗೆ ಮುಂಚೆ ಸಿಟ್ಟು ಬರುತ್ತಿದ್ದ ಮನುಷ್ಯ, ಸಿಟ್ಟಿನ ಹಿಂದೆಯೇ ಚಹಾ ತರಿಸುತ್ತಿದ್ದ ಮನುಷ್ಯ. ಅವರ ಕೈಕೆಳಗೆ ಅಟೆಂಡರ್ ಆಗಿ ಸೇರಿದವರು ಮೌಲಾಸಾಬ ನದಾಫ. ಆಗಿನ್ನೂ ಅವರಿಗೆ ಇಪ್ಪತ್ತು ವರ್ಷ.

ಒಂದು ದಿನ ಗಲಗಲಿಯವರು, "ನಾ ತೋರಿಸೋದು ಒಂದು, ಈ ಹುಡುಗರು ನೋಡೋದು ಇನ್ನೊಂದು. ಒಳಗೊಂದು ಮುಳ್ಳು ಬೇಕಲ್ಲೋ ಮೌಲಾ," ಎಂದರು. ನಾನು ತೋರಿಸುವ ದುಂಡನೆಯ ಬೆಳಕಿನಲ್ಲಿ ನೂರಾರು ಚುಕ್ಕೆ, ಗೆರೆ, ಉಂಗುರ. ಇದೇ ಎಂದು ಬೆರಳಿಟ್ಟು ತೋರಿಸಲು ಒಳಗೆ ಬೆರಳು ಹೋಗುವುದಿಲ್ಲ. ಮೌಲಾಸಾಬರು ತಮ್ಮ ರೆಪ್ಪೆಯ ಒಂದು ಕೂದಲು ಕಿತ್ತು, ನನ್ನ ಮೇಲಿನ ಗಾಜಿನ ಗೂಡಿನೊಳಗೆ ಅಂಟು ಹಚ್ಚಿ ಕೂರಿಸಿದರು. ಅಂದಿನಿಂದ ಅದೇ ನನ್ನ ಪಾಯಿಂಟರ್. ಮೇಲಿನ ಗೂಡು ತಿರುಗಿಸಿದರೆ ಕೂದಲೂ ತಿರುಗುತ್ತಿತ್ತು, ಬೇಕಾದ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಅವರ ಕಣ್ಣಿನದೊಂದು ತುಣುಕು ನನ್ನ ಕಣ್ಣಿಗೆ ಬಂತೆಂದು ನಾನು ಎಷ್ಟು ಬೀಗಿದೆನೋ ಹೇಳಲಾರೆ.

ವರ್ಷಗಳು ಉರುಳಿದವು. ಗೋದಾಮು ಹೋಗಿ ಕಲ್ಲಿನ ಕಟ್ಟಡ ಬಂತು. ಗಲಗಲಿಯವರು ನಿವೃತ್ತರಾದರು. ಮೊದಲು ನಮ್ಮ ಕಾಲೇಜು ಬೇರೊಂದು ದೊಡ್ಡ ವಿಶ್ವವಿದ್ಯಾಲಯದ ಬಾಲಕ್ಕೆ ಅಂಟಿಕೊಂಡಿತ್ತು. ಅಲ್ಲಿ ಕಾನೂನು, ವಾಣಿಜ್ಯ, ವೈದ್ಯ ಎಲ್ಲಕ್ಕೂ ಒಂದೇ ಪರೀಕ್ಷಾ ವಿಭಾಗ, ಒಂದೇ ತಲೆನೋವು. ಕಡೆಗೆ ಸರ್ಕಾರ ನಮ್ಮ ಕಾಲೇಜನ್ನೇ ವೈದ್ಯಕೀಯ ವಿಶ್ವವಿದ್ಯಾಲಯ ಮಾಡಿತು. ಗೇಟಿಗೆ ಹೊಸ ಕಮಾನು ಬಂತು, ಕುಲಪತಿಗಳಿಗೆ ಕಾರು ಬಂತು. ನರ್ಸಿಂಗ್ ಪದವಿ, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸು, ಎಂ.ಡಿ., ಪಿಎಚ್.ಡಿ. ಒಂದರ ಹಿಂದೊಂದು ತೆರೆದವು. ಮೊದಲು ಜಿಲ್ಲೆಯ ಹುಡುಗಿಯರು ನರ್ಸಿಂಗ್ ಕಲಿಯಲು ನಾಡು ದಾಟಿ ಹೋಗುತ್ತಿದ್ದರು, ಈಗ ಮನೆಯ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ನನಗೆ ಖುಷಿಯಾಗಿತ್ತು. ಜೊತೆಗೆ ನಿಯಮಗಳೂ ಬಂದವು, ಪ್ರತಿಯೊಂದಕ್ಕೂ ಒಂದು ಸುತ್ತೋಲೆ, ಒಂದು ಮೊಹರು.

ಆ ಹೊಸ ನಿಯಮಗಳ ಎರಡನೆಯ ವರ್ಷ ನಡೆದದ್ದನ್ನು ಹೇಳಬೇಕು. ಅದಕ್ಕಾಗಿಯೇ ಇಷ್ಟು ಹೊತ್ತು ಪೀಠಿಕೆ ಹಾಕಿದೆ.

ಮೊದಲ ವರ್ಷದ ಎಂ.ಬಿ.ಬಿ.ಎಸ್. ಹುಡುಗರಿಗೆ ಸ್ಪಾಟರ್ ಎಂಬ ಪರೀಕ್ಷೆ ಇರುತ್ತದೆ. ಸಾಲಾಗಿ ಇಪ್ಪತ್ತೈದು ಮೇಜು, ಒಂದೊಂದರ ಮೇಲೆ ಒಂದೊಂದು ವಸ್ತು: ಮೂಳೆ, ಜಾಡಿಯಲ್ಲಿಟ್ಟ ಹೃದಯ, ನನ್ನಂಥ ಮೈಕ್ರೋಸ್ಕೋಪು. ಮೇಜಿಗೆ ಒಂದೇ ನಿಮಿಷ. ನೋಡಬೇಕು, ಗುರುತಿಸಬೇಕು, ಬರೆಯಬೇಕು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಮುಂದಿನ ಮೇಜಿಗೆ. ನಾನು ಏಳನೆಯ ಮೇಜಿನಲ್ಲಿದ್ದೆ. ನನ್ನ ಕೆಳಗೆ ಮೂತ್ರಪಿಂಡದ ತೆಳ್ಳನೆ ಚೂರು. ಪಾಯಿಂಟರ್ ನಿಂತಿದ್ದು ರಕ್ತ ಸೋಸುವ ಪುಟ್ಟ ಉಂಡೆಯ ಮೇಲೆ, ಪಕ್ಕದಲ್ಲೇ ಒಂದು ಕೊಳವೆ. ಉಂಡೆ ಎಂದು ಬರೆದರೆ ಎರಡು ಅಂಕ.

ಪ್ರತಿ ಸಲ ಮೌಲಾಸಾಬರು ನನ್ನ ಕುತ್ತಿಗೆಗೆ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರ್ ಸುತ್ತಿ ಅಲುಗದಂತೆ ಮಾಡುತ್ತಿದ್ದರು. ಹಿತ್ತಾಳೆ ಸವೆದು ನಾನು ಸಡಿಲಾಗಿದ್ದೆ. ಆ ವರ್ಷ ಸ್ಟೋರಿನವರು, ಬೇಕೆಂದು ಬರೆದುಕೊಟ್ಟ ಇಂಡೆಂಟ್ ಪಾಸಾಗಿಲ್ಲ ಎಂದುಬಿಟ್ಟರು. ಆಸ್ಪತ್ರೆಯ ಗೋಡೆಗೆ ಗೋಡೆ ಹಚ್ಚಿಕೊಂಡು ಕೂತವರಿಗೆ ಒಂದು ಗೇಣು ಪ್ಲಾಸ್ಟರಿಗೆ ಬರ.

ಹೊರಗಿನಿಂದ ಬಂದ ಪರೀಕ್ಷಕರು ಡಾ. ಚೆನ್ನಕೇಶವಯ್ಯ, ಮೈಸೂರು ಕಡೆಯವರು. ಬೆಳಿಗ್ಗೆ ಎದ್ದು ನಿಂತು ವಿಶ್ವವಿದ್ಯಾಲಯದ ಸೂಚನೆ ಓದಿದರು: ಇಟ್ಟ ವಸ್ತುವನ್ನು ಮುಟ್ಟಿ ಅಲುಗಿಸಿದ ಅಭ್ಯರ್ಥಿಯನ್ನು ಆ ಸಲದ ಪರೀಕ್ಷೆಯಿಂದ ಹೊರಗಿಡಲಾಗುವುದು. ಗಂಟೆ ಬಾರಿಸಿತು.

ಹನ್ನೊಂದು ಕಣ್ಣುಗಳು ಬಂದು ಹೋದವು. ಹನ್ನೆರಡನೆಯವಳು ಕಸ್ತೂರಿ ಬಡಿಗೇರ. ಕನ್ನಡ ಶಾಲೆಯಲ್ಲಿ ಕಲಿತು ಬಂದವಳು, ಮೊದಲ ತಿಂಗಳೆಲ್ಲ ಇಂಗ್ಲಿಷ್ ಪುಸ್ತಕದ ಮುಂದೆ ಅತ್ತು, ಆಮೇಲೆ ತರಗತಿಗೇ ಮುಂದಾದವಳು. ಸೋಡಾ ಬಾಟಲಿಯ ತಳದಂಥ ಕನ್ನಡಕ. ಬಗ್ಗಿ ನೋಡಿದಳು, ನೋಡಿದ ಕೂಡಲೇ ಗುರುತಿಸಿದಳು, ಸರಸರ ಬರೆದಳು. ಇನ್ನೂ ಹತ್ತು ಸೆಕೆಂಡು ಉಳಿದಿತ್ತು. ಜಾಣರಿಗಿರುವ ರೋಗ, ಮತ್ತೊಮ್ಮೆ ಬಗ್ಗಿದಳು. ಕನ್ನಡಕದ ಅಂಚು ನನಗೆ ಬಡಿಯಿತು. ಸಡಿಲಾದ ನನ್ನ ಕುತ್ತಿಗೆ ಕೂದಲೆಳೆಯಷ್ಟು ತಿರುಗಿತು. ಪಾಯಿಂಟರ್ ಉಂಡೆಯನ್ನು ಬಿಟ್ಟು ಕೊಳವೆಯ ಮೇಲೆ ಹೋಗಿ ಕೂತಿತು.

ಅವಳ ಕಣ್ಣು ಅಗಲವಾದದ್ದನ್ನು ನಾನು ಕಂಡೆ. ಅವಳಿಗೆ ತಿಳಿದಿತ್ತು. ಅಷ್ಟರಲ್ಲಿ ಗಂಟೆ ಬಾರಿಸಿತು, ಹಿಂದಿನವನು ಬಂದು ನಿಂತ, ಅವಳು ಎಂಟನೆಯ ಮೇಜಿಗೆ ಹೋದಳು. ಅವಳನ್ನು ನಾನು ಬೈಯಲಾರೆ. ಹತ್ತೊಂಬತ್ತು ವರ್ಷದ ಜೀವ, ಹೊರಗಿಡುತ್ತೇವೆಂಬ ಮಾತು ಕಿವಿಯಲ್ಲಿನ್ನೂ ಬಿಸಿಯಾಗಿತ್ತು. ಅವಳ ಹಿಂದೆ ಹದಿಮೂರು ಮಂದಿ ಬಂದರು. ಒಬ್ಬೊಬ್ಬರಿಗೂ ನಾನು ಸುಳ್ಳು ತೋರಿಸಿದೆ.

ಮಧ್ಯಾಹ್ನ ಅದೇ ಹಾಲಿನಲ್ಲಿ ಕೂತು ಚೆನ್ನಕೇಶವಯ್ಯನವರು ಅಂಕ ಕೂಡಿಸುತ್ತಿದ್ದರು. "ಈ ಈರಪ್ಪ ಲಮಾಣಿ ಅನ್ನೋ ಹುಡುಗನಿಗೆ ಸರಿಯಾಗಿ ಎರಡೇ ಅಂಕ ಕಡಿಮೆ. ಆಗಲೇ ಎರಡು ಸಲ ಫೇಲಾಗಿದ್ದಾನೆ, ಪಾಪ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಈರಪ್ಪ ನನ್ನ ಹತ್ತಿರ ಬಂದದ್ದು ಕೊನೆಗೆ. ಕೊಳವೆ ಕಂಡ, ಕೊಳವೆ ಎಂದು ಬರೆದ, ಸೊನ್ನೆ ಬಿತ್ತು. ನನಗೆ ಬಾಯಿದ್ದಿದ್ದರೆ ಕಟ್ಟಡ ಹಾರುವಂತೆ ಕೂಗುತ್ತಿದ್ದೆ.

ಆ ಮಾತು ಕೇಳುತ್ತಲೇ ಮೇಜು ಖಾಲಿ ಮಾಡಲು ಬಂದ ಮೌಲಾಸಾಬರು ಎಂದಿನಂತೆ ಒಮ್ಮೆ ನನ್ನೊಳಗೆ ಇಣುಕಿದರು. ಸೀದಾ ಪರೀಕ್ಷಕರ ಬಳಿ ಹೋದರು.

"ಸಾಹೇಬ್ರ, ಏಳನೇ ಟೇಬಲ್ಲಿನ ಪಾಯಿಂಟರ್ ಸರದೈತ್ರಿ. ಮುಂಜಾನೆ ನಾ ಉಂಡಿ ಮ್ಯಾಲೆ ಇಟ್ಟಿದ್ದೆ, ಈಗ ಕೊಳವಿ ಮ್ಯಾಲೆ ಕುಂತೈತಿ."

ಚೆನ್ನಕೇಶವಯ್ಯನವರು ಬಂದು ನೋಡಿದರು. "ಯಾವಾಗ ಸರೀತು?"

"ಗೊತ್ತಿಲ್ರಿ."

"ಗೊತ್ತಿಲ್ದೆ ನಾನು ಯಾರಿಗೆ ಅಂಕ ಕೊಡ್ಲಿ? ಮೊದಲು ನೋಡಿದ ಮೂವರು ಕೊಳವೆ ಅಂತ ಬರೆದಿದ್ದಾರೆ, ಕಡೇಲಿ ನೋಡಿದ ಇಬ್ಬರು ಉಂಡೆ ಅಂತಾರೆ. ತಪ್ಪು ಬರೆದವರು ಯಾರು, ಕಂಡಿದ್ದನ್ನ ಬರೆದವರು ಯಾರು? ಅಲುಗಿಸಿದವರೇ ಬಂದು ಹೇಳಬೇಕು. ಐದು ಗಂಟೆಗೆ ಪಟ್ಟಿಗೆ ಅರಗು ಹಾಕ್ತೀನಿ, ಆಮೇಲೆ ನನ್ನ ಕೈಲೂ ಇಲ್ಲ."

ಮೌಲಾಸಾಬರು ಹೊರಗಿನ ಪಡಸಾಲೆಗೆ ಹೋದರು. ಕಿಟಕಿಯಿಂದ ಅವರ ದನಿ ಕೇಳಿಸಿತು. "ಯಪ್ಪಗಳಿರಾ, ಯವ್ವಗಳಿರಾ, ಏಳನೇದಕ್ಕ ಯಾರದರ ಮೈ ತಾಗಿದ್ರ ಹೇಳ್ರಿ. ನಿಮ್ಮ ಗೆಳ್ಯಾರ ಮಾರ್ಕ್ಸ್ ಹೊಂಟಾವ. ಈರಪ್ಪನ ವರ್ಷಾನ ಹೊಂಟೈತಿ."

ಕಡೆಗೆ ಈರಪ್ಪನೇ ಮಾತಾಡಿದ. "ಬಿಡ್ರಿ ಕಾಕಾ. ನನ್ನ ಸಲುವಾಗಿ ಇನ್ನೊಬ್ಬರಿಗೆ ಯಾಕ ತ್ರಾಸು? ನನಗ ಫೇಲಾಗೂದು ರೂಢಿ ಆಗೈತಿ."

ಅವನು ನಗಲು ನೋಡಿದ, ನಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹಾಲಿನ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಕನ್ನಡಕ ಕೈಯಲ್ಲಿತ್ತು, ಅದಿಲ್ಲದೆ ಅವಳಿಗೆ ಪರೀಕ್ಷಕರ ಮುಖವೇ ಕಾಣಿಸುತ್ತಿರಲಿಲ್ಲ. ಕಾಣಬಾರದೆಂದೇ ತೆಗೆದಿದ್ದಳೇನೋ.

"ಸರ್, ನಾನ್ರೀ. ಹನ್ನೆರಡನೇದಾಕಿ. ನಾ ನೋಡುಮುಂದ ಉಂಡಿ ಮ್ಯಾಲೇ ಇತ್ತು. ನನ್ನ ಚಷ್ಮಾ ಬಡದು ಸರೀತು. ನನ್ನ ಹಿಂದ ಬಂದವರೆಲ್ಲಾ ನೋಡಿದ್ದು ಕೊಳವೀನ."

"ಆಗಲೇ ಯಾಕೆ ಹೇಳಲಿಲ್ಲ?"

"ಅಂಜಿದೆರಿ."

"ಈಗ?"

"ಈಗೂ ಅಂಜಿಕಿ ಅದರಿ."

ಚೆನ್ನಕೇಶವಯ್ಯನವರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು, ಅವರ ಕಣ್ಣನ್ನೂ ನಾನು ನೋಡಿದ್ದೆ. "ನೋಡಮ್ಮ," ಎಂದರು, "ಆ ಹದಿಮೂರು ಜನರ ಅಂಕ ತಿದ್ದಬೇಕಂದ್ರೆ ಕಾರಣ ಬರೀಬೇಕು. ಕಾರಣ ಬರೆದರೆ ನಿನ್ನ ನಂಬರೂ ಬರೀಬೇಕು. ನಿಯಮ ಏನು ಅಂತ ಬೆಳಿಗ್ಗೆ ನಾನೇ ಓದಿದ್ದೀನಿ."

ಕಸ್ತೂರಿ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬರೀರಿ ಸರ್," ಎಂದಳು.

ಅವರು ಬರೆದರು. ಮೌಲಾಸಾಬರು ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಈರಪ್ಪ ಪಾಸಾದ. ತರಗತಿಗೇ ಮೊದಲಿಗಳಾದ ಹುಡುಗಿ ಆಡ್ ಬ್ಯಾಚಿಗೆ ಬಿದ್ದಳು. ಎಂದರೆ ಜೊತೆಯವರೆಲ್ಲ ಎರಡನೆಯ ವರ್ಷಕ್ಕೆ ಹೋದಾಗ ಆರು ತಿಂಗಳು ಹಿಂದುಳಿದು ಅದೇ ಪಾಠ, ಅದೇ ಪರೀಕ್ಷೆ. ಕಾಗದದಲ್ಲಿ ಅಭ್ಯರ್ಥಿಯ ಅಜಾಗರೂಕತೆ ಎಂದು ಬರೆದಿದ್ದರು. ಸಡಿಲಾಗಿದ್ದವನು ನಾನು. ಪ್ಲಾಸ್ಟರ್ ಕೊಡದಿದ್ದವರು ಸ್ಟೋರಿನವರು. ನಮ್ಮಿಬ್ಬರ ಹೆಸರೂ ಅದರಲ್ಲಿ ಇರಲಿಲ್ಲ. ಆ ಸಂಕಟ ನನ್ನ ಹಿತ್ತಾಳೆಗೆ ಇಂದಿಗೂ ಅಂಟಿಕೊಂಡಿದೆ.

ಆ ಆರು ತಿಂಗಳು ಸಂಜೆ ಸಂಜೆ ಅವಳು ಒಬ್ಬಳೇ ನನ್ನ ಮುಂದೆ ಕೂತು ಓದುತ್ತಿದ್ದಳು. ಒಂದು ವಾರದ ಮೇಲೆ ಈರಪ್ಪನೂ ಬರತೊಡಗಿದ. ಹಾಜರಿಯಲ್ಲಿ ಕರೆಯುವ ಹಾಗೆಯೇ ಅವಳನ್ನು ಬಡಿಗೇರ ಅವರೇ ಎನ್ನುತ್ತಿದ್ದ. "ಬಡಿಗೇರ ಅವರ, ಈ ಫಸ್ಟ್ ಇಯರ್ ಪುಸ್ತಕ ನನ್ನಷ್ಟು ಸಲ ಓದಿದವ್ರು ಈ ಯುನಿವರ್ಸಿಟಿ ಒಳಗ ಯಾರೂ ಇಲ್ಲ. ಏನರ ಕೇಳ್ರಿ, ಹೇಳ್ತೀನಿ," ಎಂದ. ಅಷ್ಟು ದಿನದ ಮೇಲೆ ಅವಳು ಮೊದಲ ಸಲ ನಕ್ಕಳು. ಪಾಸಾದಳು. ಅದೇ ವರ್ಷ ಮೌಲಾಸಾಬರು ನಿವೃತ್ತರಾದರು. ಹೋಗುವ ದಿನ ನನ್ನನ್ನು ಒರೆಸಿ, ಬಟ್ಟೆ ಹೊದಿಸಿ ಹೋದರು.

ಆಮೇಲೆ ನನ್ನನ್ನು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ದಾಟಿಸಿದರು. ಮಲೇರಿಯಾ ಹುಡುಕಲು ಸಾವಿರ ಮಕ್ಕಳಿಗೆ ಕಲಿಸಿದೆ, ಮರ್ಯಾದೆಯ ಕೆಲಸ. ಈಗ ಅನಾಟಮಿ ವಿಭಾಗದ ಸ್ಟೋರಿನಲ್ಲಿ, ಮುರಿದ ಸ್ಟೂಲುಗಳ ನಡುವೆ ಇದ್ದೇನೆ. ಕಂಡೆಮ್ ಮಾಡುವ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆಯಂತೆ. ಪರೀಕ್ಷೆಗೆಲ್ಲ ಈಗ ಕಂಪ್ಯೂಟರ್ ಪರದೆ, ಅದರಲ್ಲಿ ಬಾಣದ ಗುರುತು. ಯಾರ ಕನ್ನಡಕ ಬಡಿದರೂ ಸರಿಯುವುದಿಲ್ಲ. ನನಗೆ ಹೊಟ್ಟೆಕಿಚ್ಚಿಲ್ಲ. ಗುಜರಿಗೆ ಹೋಗುವ ಭಯವೂ ಅಷ್ಟಾಗಿ ಇಲ್ಲ, ಏಕೆಂದರೆ ಪರದೆ ಬರುವುದಕ್ಕೆ ಹಿಂದಿನ ವರ್ಷ, ಒಂದು ಮೈಕ್ರೋಸ್ಕೋಪು ಕಡಿಮೆ ಬಿತ್ತೆಂದು ನನ್ನನ್ನು ಮತ್ತೆ ಸ್ಪಾಟರಿಗೆ ಕರೆದಿದ್ದರು.

ಅಷ್ಟು ಹೊತ್ತಿಗೆ ವಿಭಾಗದ ಮುಖ್ಯಸ್ಥೆ ಡಾ. ಕಸ್ತೂರಿ ಬಡಿಗೇರ. ತಲೆ ಅರ್ಧ ಬೆಳ್ಳಗಾಗಿತ್ತು. ಆ ಒಂದು ನಿಯಮದ ಸಾಲು ಬದಲಿಸಲು ಅವರು ಅಧ್ಯಯನ ಮಂಡಳಿಯಲ್ಲಿ ಆರು ವರ್ಷ ಕಾದಾಡಿದ್ದರೆಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಆ ದಿನ ಹೊಸ ಸೂಚನೆಯನ್ನು ಅವರೇ ಓದಿದರು. ಆಮೇಲೆ ಕಾಗದ ಮಡಚಿ ತಮ್ಮ ಮಾತಿನಲ್ಲಿ ಹೇಳಿದರು: "ಏನರ ತಾಗಿ ಅಲುಗಿದ್ರ ಆಗಿಂದಾಗ ಹೇಳ್ರಿ. ಯಾರನೂ ಹೊರಗ ಹಾಕಂಗಿಲ್ಲ."

ಅರ್ಧ ಪರೀಕ್ಷೆ ಆಗಿತ್ತು. ಒಬ್ಬ ಉದ್ದನೆಯ ಹುಡುಗನ ಮೊಣಕೈ ನನಗೆ ಬಡಿಯಿತು. ನನ್ನ ಕುತ್ತಿಗೆ ತಿರುಗಿತು. ಅವನ ಕಣ್ಣು ಅಗಲವಾಯಿತು.

"ಮೇಡಂ," ಎಂದ, "ಸರೀತ್ರಿ."

"ಗಂಟಿ ನಿಲ್ಲಸ್ರಿ," ಎಂದರು ಕಸ್ತೂರಿ ಮೇಡಂ. ಹಾಲಿನಲ್ಲಿ ಎಲ್ಲರೂ ನಿಂತಲ್ಲೇ ನಿಂತರು. ಅವರು ಬಂದು ಕನ್ನಡಕ ತೆಗೆದಿಟ್ಟು ಬಗ್ಗಿದರು, ಪಾಯಿಂಟರನ್ನು ಮೊದಲಿನ ಜಾಗಕ್ಕೆ ತಂದರು. ಕೆಲಸ ಮುಗಿದ ಮೇಲೂ ಅವರ ಕಣ್ಣು ಸ್ವಲ್ಪ ಹೊತ್ತು ನನ್ನ ಮೇಲೆಯೇ ಇತ್ತು. ಒದ್ದೆಯಾಗಿತ್ತು.

ಹುಡುಗ ಮೆಲ್ಲಗೆ ಕೇಳಿದ. "ಮೇಡಂ, ನನ್ನ ನಂಬರ್ ಬರಕೋತೀರೇನ್ರಿ?"

"ಯಾತಕ್ಕ?" ಎಂದರು ಮೇಡಂ. "ನೋಡು ನೀ, ಟೈಮ್ ಹೊಂಟೈತಿ."

ಗಂಟೆ ಬಾರಿಸಿತು. ಆ ದಿನದ ಪರೀಕ್ಷೆ ಒಂದು ನಿಮಿಷ ತಡವಾಗಿ ಮುಗಿಯಿತು. ಆದದ್ದು ಅಷ್ಟೇ.